ಸುರಪುರ ಮುಟ್ಟದ ಸೈಕಲ್ ಸವಾರಿ

ಯಾದಗಿರಿಯಿಂದ ಶಹಾಪುರಕ್ಕೆ ಸವಾರಿಯ ಹಿಂದಿನ ಸಂಜೆಯೇ ಬಸ್ಸಿನಲ್ಲಿ ಹೋದೆ. ಮೇಲೆ ಕಟ್ಟಿದ ಸೈಕಲ್ಲಿಗೂ ಕಂಡಕ್ಟರ್ ಒಂದು ಟಿಕೆಟ್ ಹರಿದ. ಹೊಗೆ ಬಿಡದೆ ಊರೂರು ತಿರುಗೋಣ ಎಂದು ಹೊರಟ ಗುಂಪು ನಮ್ಮದು. ಮೊದಲ ಹೆಜ್ಜೆಗೇ ಡೀಸೆಲ್ ಬಸ್ಸು ಬೇಕಾಯಿತಲ್ಲ ಎಂದು ನನಗೇ ನಗು ಬಂತು.

ಮರುದಿನ ಭಾನುವಾರ. ಬೆಳಗಿನ ಆರೂವರೆಗೆ ಕೆನಾಲ್ ದಂಡೆಯ ಮಣ್ಣಿನ ದಾರಿಯಲ್ಲಿ ಹನ್ನೊಂದು ಜನ ಸೇರಿದೆವು. ಸುರಪುರಕ್ಕೆ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. ಭತ್ತದ ಗದ್ದೆಗಳಿಂದ ಎದ್ದ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ನನ್ನ ಸೈಕಲ್ಲಿನ ಮುಂದಿನ ಗಾಲಿಯೇ ಸರಿಯಾಗಿ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಎದೆಮಟ್ಟ ನೀರು ಸದ್ದಿಲ್ಲದೆ ಓಡುತ್ತಿತ್ತು.

"ಮಂಜಿನ್ಯಾಗ ತೆಲಿ ಎಣಿಸಾಕ ಆಗಂಗಿಲ್ಲ," ಎಂದರು ಮುಂದಾಳು ಬಸಣ್ಣ ಮಾಸ್ತರು. "ಸೇತುವಿ ಬಂದಾಗೊಮ್ಮೆ ಒಬ್ಬೊಬ್ಬರs ಬೆಲ್ ಹೊಡೀರಿ. ಹನ್ನೊಂದು ಆದ್ರ ಮುಂದಕ್ಕ."

ಎಲ್ಲರ ಹಿಂದೆ ನಾನು. ಬಾಲಂಗೋಸಿ ಎಂದು ಗೇಲಿ ಮಾಡುತ್ತಿದ್ದರೂ ಯಾರೂ ಹಿಂದುಳಿಯದಂತೆ ನೋಡುವ ಕೆಲಸ ನನ್ನದೇ. ನನ್ನ ಮುಂದೆ ಮಹಾದೇವಿ ಅಕ್ಕ, ತಾಲ್ಲೂಕು ಕಚೇರಿಯ ಗುಮಾಸ್ತೆ, ಸೈಕಲ್ ಕಲಿತು ಆರು ತಿಂಗಳು. ಕಚೇರಿಗೆ ಅದರಲ್ಲೇ ಹೋಗುತ್ತೇನೆ ಎಂದರೆ ಮನೆಯವರು ನಗುತ್ತಿದ್ದರಂತೆ.

ಎರಡು ಸೇತುವೆ ಸಲೀಸಾಗಿ ದಾಟಿದೆವು. ಮೂರನೆಯದರಲ್ಲಿ ಒಂಬತ್ತು ಬೆಲ್ ಕೇಳಿದ ಮೇಲೆ ಹತ್ತನೆಯದೂ ಆಯಿತು. ಅದು ಅಕ್ಕನ ಸರದಿ. ಸದ್ದು ಮಾತ್ರ ನನ್ನ ಮುಂದಿನಿಂದಲ್ಲ, ಬೆನ್ನ ಹಿಂದಿನಿಂದ ಬಂದಂತಿತ್ತು. ಮಂಜಿನಲ್ಲಿ ದಿಕ್ಕು ತಿಳಿಯುವುದಿಲ್ಲ ಎಂದುಕೊಂಡು ನನ್ನ ಬೆಲ್ಲನ್ನೂ ಹೊಡೆದೆ. "ಹನ್ನೊಂದು! ನಡೀರಿ!" ಎಂದರು ಮಾಸ್ತರು.

ನಾಲ್ಕನೆಯ ಸೇತುವೆಯ ಹೊತ್ತಿಗೆ ಬಿಸಿಲು ತುಸು ಏರಿ ಮುಖಗಳು ಕಂಡವು. ಹತ್ತೇ ಜನ. ಅಕ್ಕ ಇರಲಿಲ್ಲ.

ಎಲ್ಲರೂ ಹಿಂದಕ್ಕೆ ತಿರುಗಿದೆವು. ಮೂರನೆಯ ಸೇತುವೆಗೂ ಅರ್ಧ ಕಿಲೋಮೀಟರ್ ಹಿಂದೆ, ಕೆನಾಲ್ ಗೋಡೆಯ ಕಬ್ಬಿಣದ ಮೆಟ್ಟಿಲು ಹಿಡಿದು ಅಕ್ಕ ನೀರಿನಲ್ಲಿ ನಿಂತಿದ್ದರು. ಸೈಕಲ್ ದಂಡೆಯ ಕೆಸರಿನಲ್ಲಿ ಬಿದ್ದಿತ್ತು. ಅಕ್ಕನನ್ನು ಮೇಲೆಳೆದುಕೊಂಡೆವು. ಚೈನ್ ಬಿದ್ದು ಬದಿಗೆ ನಿಂತಿದ್ದರಂತೆ. ಮಂಜಿನಲ್ಲಿ ಅವರನ್ನು ಕಾಣದೆ ನಾನು ದಾಟಿಹೋಗಿದ್ದೆ.

"ಜಾರಿ ಬಿದ್ದಾಗ ಇವರs ಮ್ಯಾಲಿಂದ ಕೂಗಿದ್ರು," ಎಂದು ಅಕ್ಕ ನನ್ನತ್ತ ಕೈ ತೋರಿದರು. "'ಯವ್ವಾ, ಎಡಕ್ಕ ಕಬ್ಬಿಣ ಐತಿ, ಹಿಡಿ. ಬಿಡಬ್ಯಾಡ' ಅಂತ. ಅದಕ್ಕs ಉಳದೆ."

ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ಅವರನ್ನು ಅಕ್ಕ ಎನ್ನುವವನು, ಯವ್ವಾ ಎಂದವನಲ್ಲ. ಆದರೂ ಬಾಯಿ ಬಿಡಲಾಗಲಿಲ್ಲ. ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು.

ಮೂರನೆಯ ಸೇತುವೆಯ ಬಳಿ ಬೆಂಕಿ ಹಾಕಿ ಅವರ ಬಟ್ಟೆ ಆರಿಸಿ, ರೊಟ್ಟಿ, ಪುಂಡಿಪಲ್ಯ, ಚಟ್ನಿಪುಡಿಯಂಥ ಶೇಂಗಾ ಹಿಂಡಿ ತಿಂದೆವು. ಸುರಪುರ ಇನ್ನು ಬೇಡ, ಆಟೋ ಕರೆಸೋಣ ಎಂದರು ಮಾಸ್ತರು.

"ಆಟೋ ಬ್ಯಾಡ್ರಿ," ಎಂದರು ಅಕ್ಕ. "ಇವತ್ತ ಆಟೋದಾಗ ಮನಿಗೆ ಹೋದ್ರ, ನಾಳಿಂದ ನನಗ ಸೈಕಲ್ ಮುಟ್ಟಾಕ ಬಿಡಂಗಿಲ್ಲ."

ಮರಳುವಾಗ ಮಂಜಿನ ಸುಳಿವಿರಲಿಲ್ಲ. ಬಿದ್ದ ಜಾಗಕ್ಕೆ ಬಂದಾಗ ಅಕ್ಕ ಇಳಿದು ನೀರನ್ನೇ ನೋಡುತ್ತ ನಿಂತರು. ಉಳಿದವರು ಮುಂದೆ ಹೋಗಿದ್ದರು. ಇನ್ನು ತಡೆಯಲಾಗದೆ ಹೇಳಿಬಿಟ್ಟೆ:

"ಅಕ್ಕಾರ, ಆ ಮಾತು ನಂದಲ್ರಿ. ನಿಮ್ಮನ್ನ ಬಿಟ್ಟು ಆಗಲೇ ಮುಂದ ಹೋಗಿದ್ದೆ. ತಪ್ಪಾತು."

ಅವರು ನನ್ನತ್ತ ತಿರುಗಿದರು. "ಮುಂದಿನ ಸೇತುವಿನ್ಯಾಗ ಬೆಲ್ ಎಷ್ಟು ಆದ್ವು?"

"ಹನ್ನೊಂದು."

ಅಕ್ಕ ಚೀಲ ಬಿಚ್ಚಿದರು. ಚೀಲದಲ್ಲಿ ಉಳಿದಿದ್ದ ಒಂದು ರೊಟ್ಟಿಗೆ ಹಿಂಡಿ ಹಚ್ಚಿ, ಮೆಟ್ಟಿಲ ಮೇಲಿನ ಕಲ್ಲಿನ ಮೇಲೆ ಇಟ್ಟರು.

"ಯಾರs ಇರಲಿ," ಎಂದರು. "ಮುಂಜಾನಿಂದ ಏನೂ ಉಂಡಿರಂಗಿಲ್ಲ."

ಸೈಕಲ್ ಏರಿ ಹೊರಟರು. ಶಹಾಪುರ ಬರುವವರೆಗೂ ನಾನು ಅವರ ಬೆನ್ನಿನಿಂದ ಕಣ್ಣು ಕೀಳಲಿಲ್ಲ.