ಎರಡು ಪ್ರೊಸೆಸರ್‌ಗಳ ಲ್ಯಾಬ್, ನಮ್ಮ ಮೇಡಂ

ಮೊನ್ನೆ ಸಿಂಧನೂರಿನ ನಮ್ಮ ಆಫೀಸಿನಲ್ಲಿ ಹಳೆಯ ಸರ್ವರಿನ ಮುಚ್ಚಳ ಬಿಚ್ಚಿದಾಗ ಕಾದ ಧೂಳಿನ ವಾಸನೆ ಮುಖಕ್ಕೆ ಬಡಿಯಿತು. ಲಿಂಗಸುಗೂರಿನಲ್ಲಿ ನಾನು ಓದಿದ ಕಾಲೇಜಿನ ಲ್ಯಾಬಿನಲ್ಲೂ ಇದೇ ವಾಸನೆ ಇರುತ್ತಿತ್ತು. ನಮ್ಮ ಮೇಡಂ ನೆನಪಾದರು…

ಅವರು ಸಿಂಧನೂರಿನ ಹತ್ತಿರ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಬಂಗಾಳಿ ಮನೆಯವರು, ಅತಿಥಿ ಉಪನ್ಯಾಸಕಿ. ದಿನಾ ಸಿಂಧನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಾನು ಮಸ್ಕಿಯಲ್ಲಿ ಹತ್ತುತ್ತಿದ್ದೆ. ಫೋನಿನಲ್ಲಿ ತಾಯಿಯ ಜೊತೆ ಬಂಗಾಳಿ, ನನ್ನ ಜೊತೆ ನಮ್ಮ ಕಡೆಯದೇ ಕನ್ನಡ. "ಬಾ, ಇಲ್ಲೇ ಕುಂದ್ರು" ಎಂದು ಪಕ್ಕದಲ್ಲಿ ಜಾಗ ಮಾಡುತ್ತಿದ್ದರು.

ಲ್ಯಾಬಿನಲ್ಲಿ ಇದ್ದದ್ದು ಒಂದೇ ದೊಡ್ಡ ಸರ್ವರ್. ಅದರೊಳಗೇ ನಮಗೆಲ್ಲ ಒಂದೊಂದು ವರ್ಚುವಲ್ ಮಷಿನ್, ಅಂದರೆ ಸಾಫ್ಟ್‌ವೇರಿನಲ್ಲೇ ಮಾಡಿದ ಕಂಪ್ಯೂಟರ್. ಪ್ರಾಂಶುಪಾಲರು ಎಲ್ಲಿಂದಲೋ ಅದಕ್ಕೆ ಎರಡನೆಯ ಪ್ರೊಸೆಸರ್ ತರಿಸಿ ಹಾಕಿಸಿದ ಮೇಲೆ ತೊಂದರೆ ಶುರುವಾಯಿತು. ಕೆಲವು ಮಷಿನ್‌ಗಳು ಆನ್ ಮಾಡಿದೊಡನೆ ಕಪ್ಪು ಪರದೆಯಲ್ಲೇ ನಿಂತುಬಿಡುತ್ತಿದ್ದವು.

ಕಾರಣ ಹುಡುಕಲು ಮೇಡಂಗೆ ಬಹಳ ದಿನ ಹಿಡಿಯಿತು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಹೇಳಿದರು: "ಎರಡೂ ಪ್ರೊಸೆಸರ್‌ದು ಗಡಿಯಾರ ಬ್ಯಾರೆ ಬ್ಯಾರೆ ಅದಾವ. ಮಷಿನ್ ಎಬ್ಬಿಸೋ ಫರ್ಮ್‌ವೇರ್ ಒಂದ್ರಾಗ ಟೈಮ್ ನೋಡಿ, ಇಷ್ಟು ಹೊತ್ತು ಆಗಲಿ ಅಂತ ಕಾಯ್ತದ. ನಡುವ ಮಷಿನ್ ಇನ್ನೊಂದ್ರ ಮ್ಯಾಲ ಹೋದ್ರ, ಅಲ್ಲಿ ಟೈಮ್ ಹಿಂದ ಇರ್ತದ. ಆ ಕಾಯೋದು ಮುಗಿಯಂಗೇ ಇಲ್ಲ ನೋಡು."

ಟೈಮ್ ಹಿಂದೆ ಹೋದಂತೆ ಕಂಡರೆ ಕೊನೆಯ ಬಾರಿ ನೋಡಿದ ಟೈಮನ್ನೇ ಹಿಡಿದುಕೊಳ್ಳುವಂತೆ ಅವರು ಫರ್ಮ್‌ವೇರ್ ತಿದ್ದಿದರು. ನಮಗೆಲ್ಲ ಖುಷಿ. ಆದರೆ ಪ್ರಯೋಗ ಪರೀಕ್ಷೆಯ ಹಿಂದಿನ ದಿನ ಮತ್ತೆ ಮೂರ್ನಾಲ್ಕು ಮಷಿನ್ ನಿಂತವು. ಹಿಂದುಳಿದ ಗಡಿಯಾರ ಆ ಹಿಡಿದುಕೊಂಡ ಟೈಮನ್ನು ಮುಟ್ಟುವವರೆಗೆ ಅವು ಸುಮ್ಮನೆ ಕಾಯುತ್ತಿದ್ದವು. ಮೇಡಂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ನಂದ ತಪ್ಪಾತು. ಇದು ನಾಳೀಗೆ ಸರಿ ಆಗಂಗಿಲ್ಲ."

ಒಂದು ಪ್ರೊಸೆಸರ್ ಬಂದ್ ಮಾಡಿ, ಉಳಿದ ಒಂದಕ್ಕೆ ಭಾರವಾಗದಂತೆ ಎರಡು ಸರದಿಯಲ್ಲಿ ಪರೀಕ್ಷೆ ನಡೆಸೋಣ ಎಂದು ಅವರು ಅಲ್ಲೇ ಪ್ರಾಂಶುಪಾಲರನ್ನು ಕೇಳಿದರು.

"ಇನ್‌ಸ್ಪೆಕ್ಷನ್‌ದಾಗ ಎರಡೂ ತೋರ್ಸೀವಿ ಮೇಡಂ. ಈಗ ಬಂದ್ ಮಾಡಿದ್ರ ನಮ್ಮ ಮರ್ಯಾದಿ ಏನಾಗ್ತದ?"

"ಮಷಿನ್ ನಿಂತ್ರ ಹುಡುಗ್ರು ಫೇಲ್ ಆಗ್ತಾರ್ರೀ ಸರ್. ಅದನ್ನ ನೋಡ್ಕೋತ ಕೂಡೋದು ನನ್ನ ಕೈಲೆ ಆಗಂಗಿಲ್ಲ."

ಮರುದಿನ ಮೇಡಂ ಹೊರಗಿನಿಂದ ಬಂದ ಪರೀಕ್ಷಕರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಒಂದು ಪ್ರೊಸೆಸರ್ ನಿಲ್ಲಿಸಿಯೇಬಿಟ್ಟರು. ಸಂಜೆವರೆಗೆ ಪರೀಕ್ಷೆ ನಡೆಯಿತು. ಯಾರ ಮಷಿನ್ನೂ ನಿಲ್ಲಲಿಲ್ಲ. ವಾಪಸ್ ಬರುವಾಗ ನಾನು ಮಸ್ಕಿಯಲ್ಲಿ ಬಸ್ಸಿಳಿದೊಡನೆ ಮೇಡಂ ಕಿಟಕಿಯಿಂದ ಕೈ ಎತ್ತಿದರು.

ಮುಂದಿನ ವರ್ಷ ಕಾಲೇಜು ಅವರನ್ನು ಕರೆಯಲಿಲ್ಲ. ನಾವೆಲ್ಲ ಹೋಗಿ ಕೇಳಿದೆವು. "ನಿಮಗ್ಯಾಕ ಬೇಕು ಅದು?" ಎಂದು ಪ್ರಾಂಶುಪಾಲರು ಬೈದು ಕಳಿಸಿದರು. ಆಮೇಲೆ ಮೇಡಂ ಎರಡು ಸಲ ಫೋನಿನಲ್ಲಿ ಸಿಕ್ಕರು… ಆಮೇಲೆ ಅದೂ ಇಲ್ಲ.

ಮೊನ್ನೆ ಆ ವಾಸನೆ ಬಂದ ಮೇಲೆ ತಡೆಯಲಾಗಲಿಲ್ಲ, ಭಾನುವಾರ ಕ್ಯಾಂಪಿಗೆ ಹೋದೆ. ಅಂಗಳದಲ್ಲಿ ಅವರ ತಮ್ಮ ಭತ್ತ ಹರವುತ್ತಿದ್ದ. ನಾನು ಮೇಡಂ ಹತ್ತಿರ ಓದಿದ್ದೆ, ಇದ್ದಾರಾ ಎಂದು ಕೇಳಿದೆ.

"ಅಕ್ಕ ಹೋಗಿ ಎರಡು ವರ್ಷ ಆತ್ರಿ. ಕಾಮಾಲಿ ಆಗಿತ್ತು. ಉಳೀಲಿಲ್ಲ."

ನಾನು ನಿಂತೇ ಇದ್ದೆ. ಅವನೇ ಕುರ್ಚಿ ತಂದು ಹಾಕಿದ. "ಅಕ್ಕ ಹ್ಯಾಂಗ ಪಾಠ ಮಾಡ್ತಿದ್ಲ್ರೀ? ನಾವು ಯಾರೂ ನೋಡೇ ಇಲ್ಲ."

ತಾಯಿ ಬಂದು ಹೊಸ್ತಿಲಲ್ಲಿ ಕುಳಿತರು. ಕ್ಲಾಸಿಗೆ ಬಂದರೆ ಮೇಡಂ ಮೊದಲು ಕಿಟಕಿಗಳನ್ನೆಲ್ಲ ತೆಗೆಯುತ್ತಿದ್ದರು ಎಂದೆ. ತಮ್ಮ ಅದನ್ನು ತಾಯಿಗೆ ಬಂಗಾಳಿಯಲ್ಲಿ ಹೇಳಿದ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಮುಂದೆ ಹೇಳು ಎಂಬಂತೆ ನನ್ನ ಕಡೆ ನೋಡಿದರು. ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು, ಆ ಪರೀಕ್ಷೆಯ ದಿನದ ಕಥೆ ಶುರುಮಾಡಿದೆ…