ಬಾಬಿನಣ್ಣ ಸರ್ವರ್ ಬದಲಿಸಿದ್ದು

ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಅವನನ್ನು ಬೀದಿಯವರೆಲ್ಲ ಬಾಬಿನಣ್ಣ ಎಂದೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ. ಮುಂದೆ ಅಂಗಡಿ, ಹಿಂದೆ ಒಂದೇ ಕೋಣೆ. ಆ ಕೋಣೆಯಲ್ಲೇ ಅಡುಗೆ, ನಿದ್ದೆ, ಮೇಜಿನ ಕೆಳಗೆ ಸದಾ ಗುಂಯ್‌ಗುಡುವ ಹಳೆಯ ಕಂಪ್ಯೂಟರ್. ಅದರಲ್ಲಿ ಅವನ ಜಾಲತಾಣವಿತ್ತು. ನೂಲು ಯಾಕೆ ತುಂಡಾಗುತ್ತೆ, ಹೊಲಿಗೆ ಯಾಕೆ ತಪ್ಪುತ್ತೆ ಎಂದು ದರ್ಜಿಗಳು ಅಲ್ಲಿ ಕೇಳುತ್ತಿದ್ದರು, ಗೊತ್ತಿದ್ದವರು ಹೇಳುತ್ತಿದ್ದರು. ಗೊತ್ತಿಲ್ಲದವರು ಜಗಳಕ್ಕೆ ಬರುತ್ತಿದ್ದರು.

ಅದನ್ನು ಕಟ್ಟಿಕೊಟ್ಟವರು ಪಕ್ಕದ ಮನೆಯ ಗಣಿತದ ಮೇಷ್ಟ್ರು. ಸಂಜೆಯ ಚಹಾ ಇಬ್ಬರದೂ ಒಟ್ಟಿಗೇ. ತಾಣದಲ್ಲಿ ಇಲ್ಲದ ಪುಟವನ್ನು ಯಾರಾದರೂ ಕೇಳಿದರೆ ‘ಸೂಜಿ ಬಿದ್ದುಹೋಗಿದೆ, ಬರಿಗಾಲಲ್ಲಿ ಹುಡುಕಬೇಡಿ’ ಎಂದು ತೋರಿಸುವ ಹಾಗೆ ಮಾಡಿದ್ದೂ ಅವರೇ. ಅವರು ತೀರಿಕೊಂಡ ಮೇಲೆ ಬಾಬಿನಣ್ಣನ ಲೋಟದ ಜೊತೆ ಇನ್ನೊಂದು ಲೋಟ ತೊಳೆಯುವ ಕೆಲಸ ತಪ್ಪಿತು.

ಈಗ, ಕೇಳಿದವರಿಗೆ ಪುಟ ತೆಗೆದುಕೊಡುವ ಆ ಹಳೆಯ ವೆಬ್ ಸರ್ವರನ್ನು ಅದನ್ನು ಮಾಡಿದವರೇ ಕೈಬಿಟ್ಟಿದ್ದರು. ತಾಣಕ್ಕೆ ಬಂದವರಿಗೆ ‘ಇದು ಸುರಕ್ಷಿತವಲ್ಲ’ ಎಂಬ ಕೆಂಪು ಎಚ್ಚರಿಕೆ ಎದುರಾಗತೊಡಗಿತು. ಬೇರೆ ಸರ್ವರಿಗೆ ಹೋಗಬೇಕು, ಇಲ್ಲವೇ ಮುಚ್ಚಬೇಕು.

ಯಾರೋ ಬಳಸಿಬಿಟ್ಟ, ಸದ್ದು ಮಾಡದ ಇನ್ನೊಂದು ಕಂಪ್ಯೂಟರ್ ತಂದು, ಹೊಸ ಸರ್ವರ್ ಹಾಕಿ, ಎಲ್ಲವನ್ನೂ ನಕಲು ಮಾಡಿ ನೋಡಿದ. ಮೇಷ್ಟ್ರು ಬರೆದಿಟ್ಟ ಸೂಚನೆಗಳು ಹೊಸದಕ್ಕೆ ತಿಳಿಯಲೇ ಇಲ್ಲ. ಒಂದೊಂದನ್ನೂ ಬೇರೆ ರೀತಿ ಬರೆಯಬೇಕಿತ್ತು. ಮೇಷ್ಟ್ರ ಸಾಲುಗಳನ್ನು ಅಳಿಸಲು ಅವನಿಗೆ ಕೈ ಬರಲಿಲ್ಲ.

ಅಕ್ಕ ಫೋನಿನಲ್ಲಿ ಹೇಳಿದಳು, “ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅಂದ್ರೆ ಹೇಗೋ? ಬದಲಾಯಿಸು, ಇಲ್ಲ ಮುಚ್ಚು. ಅಷ್ಟಕ್ಕೂ ಈಗ ಬರೋರು ಯಾರಿದ್ದಾರೆ?”

“ಬರ್ತಾರಕ್ಕ.”

“ನೋಡಿದ್ಯಾ?”

ನೋಡಿದ. ಬರುತ್ತಿದ್ದವರಲ್ಲಿ ಬಹುಪಾಲು ಮನುಷ್ಯರೇ ಅಲ್ಲ, ಊರೂರಿನ ಪುಟಗಳನ್ನು ಓದುತ್ತ ತಿರುಗುವ ಹುಡುಕುಯಂತ್ರಗಳು. ಮನೆ ತುಂಬ ಹೆಜ್ಜೆ ಸದ್ದು, ಒಳಗೆ ನರಪಿಳ್ಳೆಯಿಲ್ಲ.

ಮೊದಲ ಪುಟದಲ್ಲಿ ಬರೆದ: ‘ಈ ತಾಣ ಬೇಕೆನ್ನುವವರು ಒಂದು ಮಾತು ಹೇಳಿ.’ ಗಿರಾಕಿ ಎದ್ದುಹೋದಾಗಲೆಲ್ಲ ಒಳಗೆ ಹೋಗಿ ನೋಡುತ್ತಿದ್ದ. ಯಾರೂ ಹೇಳಲಿಲ್ಲ. ಭಾನುವಾರ ಮುಚ್ಚಿಬಿಡೋಣ ಎಂದುಕೊಂಡ.

ಶನಿವಾರ ಒಂದು ಉತ್ತರ ಬಂತು. ಬರೆದವಳು ಯಾವುದೋ ದೂರದ ಊರಿನ ದರ್ಜಿ.

‘ನಾನು ಇಲ್ಲಿ ಯಾವತ್ತೂ ಬರೆದವಳಲ್ಲ. ಅಂಗಡೀಲಿ ನಾನೊಬ್ಬಳೇ. ಊಟದ ಹೊತ್ತಲ್ಲಿ ನಿಮ್ಮ ಹಳೇ ಜಗಳ ಓದ್ತೀನಿ, ಪಕ್ಕದಲ್ಲಿ ಯಾರೋ ಮಾತಾಡ್ತಾ ಇದ್ದ ಹಾಗಿರುತ್ತೆ. ಇನ್ನೂ ಅರ್ದ ಉಳಿದಿದೆ. ಮುಗಿಯೋವರೆಗಾದ್ರೂ ಇಡಿ.’

ಬಾಬಿನಣ್ಣ ಅದನ್ನು ಎರಡು ಸಲ ಓದಿದ. ಆಮೇಲೆ ಅಂಗಡಿಯ ಬಾಗಿಲು ಎಳೆದು ಕೆಲಸಕ್ಕೆ ಕೈಹಾಕಿದ. ಮೇಷ್ಟ್ರ ಸಾಲುಗಳನ್ನು ಒಂದೊಂದೇ ಹೊಸದಾಗಿ ಬರೆದ. ಬಿದ್ದುಹೋದ ಸೂಜಿಯ ಮಾತನ್ನು ಮಾತ್ರ ಅಕ್ಷರವೂ ಬದಲಿಸದೆ ಇಟ್ಟ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ತಾಣ ಹೊಸ ಸರ್ವರಿನಿಂದ ತೆರೆದುಕೊಂಡಿತು, ಕೆಂಪು ಎಚ್ಚರಿಕೆ ಹೋಗಿತ್ತು. ಮೇಜಿನ ಕೆಳಗಿನ ಹಳೆಯ ಕಂಪ್ಯೂಟರ್ ಆರಿಸಿದ. ಕೋಣೆ ಇಷ್ಟು ಮೌನವಾಗಿದ್ದು ಅವನಿಗೆ ನೆನಪೇ ಇರಲಿಲ್ಲ. ತಡೆಯಲಾಗದೆ ಎದ್ದು ಕಿಟಕಿ ತೆರೆದ.

ತಿರುಗಿ ಬಂದು ನೋಡಿದರೆ ಆ ಹೆಂಗಸಿನ ಮಾತು ಹೊಸದರಲ್ಲಿರಲಿಲ್ಲ. ನಕಲು ಮಾಡಿದ ಮೇಲೆ ಬಂದದ್ದು, ಹಳೆಯದರಲ್ಲೇ ಉಳಿದಿತ್ತು. ಹಳೆಯದನ್ನು ಮತ್ತೆ ಹಚ್ಚಿ, ನೋಡಿಕೊಂಡು ಹೊಸದರಲ್ಲಿ ಅವಳ ಹೆಸರಿನಲ್ಲೇ ಎಲ್ಲವನ್ನೂ ಟೈಪ್ ಮಾಡಿದ. ‘ಅರ್ದ’ವನ್ನು ತಿದ್ದಲಿಲ್ಲ. ಕೆಳಗೆ ‘ನಿಧಾನವಾಗಿ ಓದಿ’ ಎಂದು ಬರೆದ.

ಅಕ್ಕನಿಗೆ ಫೋನ್ ಮಾಡಿದ. “ಬದಲಾಯಿಸಿದೆ.”

“ಒಬ್ಬರಾದ್ರೂ ಬೇಕು ಅಂದ್ರಾ?”

“ಒಬ್ಬರು ಅಂದ್ರು.”

ಅಕ್ಕ ನಗುತ್ತಾಳೆ ಅಂದುಕೊಂಡಿದ್ದ. ಅವಳು ನಗಲಿಲ್ಲ. ಆ ತಾಣದ ವಿಳಾಸ ಏನು, ತಾನೂ ಒಮ್ಮೆ ನೋಡುತ್ತೇನೆ ಎಂದು ಕೇಳಿದಳು. ಇಷ್ಟು ವರ್ಷ ಕೇಳಿರಲಿಲ್ಲ. ಅವನು ಬಿಡಿಸಿ ಬಿಡಿಸಿ ಹೇಳಿದ.