ತಟ್ಟೆಯ ಕೆಳಗಿನ ಟಿಪ್ಸು

ನಾನು ಕೆಲಸ ಮಾಡುವ ಕಾರ್ಖಾನೆಗೆ ವಿದೇಶದಿಂದ ಬಂದಿದ್ದ ಎಂಜಿನಿಯರೊಬ್ಬರಿಗೆ ಈ ದೇಶದಲ್ಲಿ ಯಾರಿಗೆ ಟಿಪ್ಸ್ ಕೊಡಬೇಕು, ಯಾರಿಗೆ ಬೇಡ ಎನ್ನುವುದೇ ದೊಡ್ಡ ಚಿಂತೆ. ಕಾರ್ಖಾನೆಯಿರುವ ಓಝರ್‌ನಿಂದ ದಾರಿಯುದ್ದಕ್ಕೂ ಕೇಳಿ ಕೇಳಿ ತಲೆ ತಿಂದರು. ಬೇಸತ್ತು, "ಬಡಿಸಿದವರಿಗೆ ಕೊಡಿ, ಸಾಕು" ಎಂದುಬಿಟ್ಟೆ.

ಆದರೆ ನಾವು ಊಟಕ್ಕೆ ಹೊರಟಿದ್ದು ನಾಸಿಕ್ ರೋಡಿನ ನಮ್ಮ ಮನೆಗೆ. ಬೀದರ್ ಕಡೆಯ ನನ್ನ ಅವ್ವ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ ಮಾಡಿ ತಾನೇ ಬಡಿಸಿದಳು. ಅತಿಥಿ ಕೈ ತೊಳೆಯಲು ಎದ್ದಾಗ ಅವರ ತಟ್ಟೆಯ ಕೆಳಗೆ ಐನೂರರ ನೋಟು ಕಂಡಿತು. ಹಿಂದೊಮ್ಮೆ ಸೋದರಮಾವ ಉಂಡೆದ್ದು ತಮಾಷೆಗೆ "ಬಿಲ್ ಎಷ್ಟಾಯ್ತಕ್ಕಾ?" ಎಂದಿದ್ದಕ್ಕೆ ಅವ್ವ ವರ್ಷಗಟ್ಟಲೆ ಮಾತು ಬಿಟ್ಟಿದ್ದಳು.

ನೋಟು ಎಳೆದುಕೊಳ್ಳಲು ಕೈ ಚಾಚುವಷ್ಟರಲ್ಲಿ ಅವ್ವನೇ ತಟ್ಟೆ ಎತ್ತಿದಳು. ನೋಟು ನೋಡಿದಳು, ನನ್ನನ್ನು ನೋಡಿದಳು. ಅತಿಥಿಯೋ, ಕೈ ಒರೆಸಿಕೊಳ್ಳುತ್ತ ನಗುತ್ತ ನಿಂತಿದ್ದರು!

ಅವ್ವ ನೋಟನ್ನು ಅವರ ಕೈಯಲ್ಲೇ ಇಟ್ಟು, "ಆಯೇರಿ ಕೊಡೋದಾದ್ರ ಮ್ಯಾಲ ಒಂದ್ ರೂಪಾಯಿ ಇಡಬೇಕಂತ ಹೇಳು ಅವರಿಗಿ" ಎಂದಳು. ಆಯೇರಿಯೆಂದರೆ ನಮ್ಮಲ್ಲಿ ಶುಭಕಾರ್ಯದ ಉಡುಗೊರೆ. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಖುಷಿಯಿಂದ ನಾಣ್ಯ ಹುಡುಕಿ ಸೇರಿಸಿಕೊಟ್ಟರು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು, ಅವರ ಹೆಗಲಿಗೆ ಹೊಸ ಟವೆಲ್ ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟಳು.

ಸದ್ಯ ಬದುಕಿದೆ ಎಂದುಕೊಂಡೆ. ಅವರನ್ನು ಕಾರು ಹತ್ತಿಸಿ ಬಂದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು.

"ಅವರಿಗಿ ಯಾರ್ ಕಲಿಸ್ಯಾರಂತ ನನಗ ಗೊತ್ತದ. ರಾತ್ರಿ ಉಣ್ಲಾಕ ಕೂಡುವಾಗ ನೀನೂ ರೊಕ್ಕ ತೊಗೊಂಡು ಬಾ."